ಆದಿಲಕ್ಷ್ಮಿಯ ನಿದ್ದೆ

"ಹೊಡಿ, ನೋಡೇ ಬಿಡ್ತೀನಿ!"

ಮಂತ್ರವಾದಿ ದೊಡ್ಡಮುನಿಯಪ್ಪ ಎತ್ತಿದ ಬೇವಿನ ಕೊಂಬೆಯನ್ನು ಆದಿಲಕ್ಷ್ಮಿ ಕಿತ್ತುಕೊಂಡು ಅಂಗಳದಾಚೆ ಎಸೆದಳು. ಕ್ಯಾಲನೂರಿನ ಅರ್ಧ ಊರೇ ಅಲ್ಲಿ ನೆರೆದಿತ್ತು. ದೆವ್ವದ ಮಾತು ಕೇಳಲು ಬಂದವರಿಗೆ ಹುಡುಗಿಯ ಸ್ವಂತ ಮಾತು ಕೇಳಿಸಿ ನಿರಾಸೆಯಾಗಿರಬೇಕು!

ಅವಳು ಮಾಡಿದ್ದಾದರೂ ಏನು? ಅದು ಎರಡನೇ ಮಹಾಯುದ್ಧದ ಕಾಲ. ರೇಷ್ಮೆಗೆ ಬೇಡಿಕೆ ಏರಿ, ಅವರ ಮನೆಯಲ್ಲಿ ಒಂದು ಬೆಳೆ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತಿತ್ತು. ರಾತ್ರಿ ಅವಳು ನಿದ್ದೆಯಲ್ಲೇ ಎದ್ದು, ಸೊಪ್ಪಿನ ಮಂಕರಿ ಹೊತ್ತು, ರೇಷ್ಮೆ ಹುಳುವಿನ ಮನೆಗೆ ನಡೆಯುತ್ತಿದ್ದಳು. ಬೆಳಗ್ಗೆ ಏನೂ ನೆನಪಿರುತ್ತಿರಲಿಲ್ಲ.

ದೆವ್ವ ಮೆಟ್ಟಿದವಳನ್ನು ಇನ್ಯಾರು ಕಟ್ಟಿಕೊಳ್ಳುತ್ತಾರೆಂದು ಅಪ್ಪ ವೆಂಕಟರಾಯಪ್ಪ, ಹೆಂಡತಿ ಸತ್ತ, ತಲೆ ನರೆತ ಮಾಲೂರಿನ ಚನ್ನರಾಯಪ್ಪನಿಗೆ ಮಾತು ಕೊಟ್ಟುಬಿಟ್ಟಿದ್ದ.

"ಮಾವ, ದೆವ್ವಾನೂ ಇಲ್ಲ, ಗಾಳೀನೂ ಇಲ್ಲ."

ಬಾಗಿಲಲ್ಲಿ ನಿಂತಿದ್ದವನು ದೂರದ ನೆಂಟರ ಹುಡುಗ ಕದಿರೇಶ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ವೇಮಗಲ್ ಶಾಲೆಗೆ ಮೇಷ್ಟ್ರಾಗಿ ಬಂದವನು.

"ಹಗಲೂ ರಾತ್ರಿ ಹುಳಕ್ಕೆ ಸೊಪ್ಪು ಹಾಕೋಳು ಇವಳೊಬ್ಳೇ ಅಲ್ವಾ? ಮನಸ್ಸು ಮಲಗಿದ್ರೂ ಕೆಲಸ ಕಲಿತ ಕೈಕಾಲು ಮಲಗ್ತಿಲ್ಲ. ಇವಳಿಗೆ ಬೇಕಾಗಿರೋದು ಏಟಲ್ಲ, ನಿದ್ದೆ!"

ಆದಿಲಕ್ಷ್ಮಿ ಅವನತ್ತ ತಿರುಗಿ ನೋಡಿದಳು. ತನ್ನ ಪರವಾಗಿ ಒಬ್ಬರಾದರೂ...

"ಕೇಳಿಸ್ತಾ ಅಪ್ಪಾ? ಇವತ್ತಿಂದ ಅಣ್ಣ ಎದ್ದು ಸೊಪ್ಪು ಹಾಕ್ಲಿ. ನಾನು ಮಲಗ್ತೀನಿ!"

ಅಣ್ಣ ಗೊಣಗಿದ. ಆದರೂ ಎದ್ದ. ಆ ಬೆಳೆ ಮುಗಿಯುವಷ್ಟರಲ್ಲಿ ಅವಳ ನಿದ್ದೆಗಣ್ಣಿನ ನಡಿಗೆ ನಿಂತೇ ಹೋಯಿತು. ವಿಚಾರಿಸಲು ಬರುತ್ತಿದ್ದ ಕದಿರೇಶ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಅವನ ಸೈಕಲ್ ಬೆಲ್ ಕೇಳಿದರೆ ಸಾಕು, ಅವಳ ಮುಖ ಅರಳುತ್ತಿತ್ತು.

ಒಂದು ಸಂಜೆ ಜಗುಲಿಯಲ್ಲಿ ಅವನು ಅಪ್ಪನಿಗೆ ಹೇಳುತ್ತಿದ್ದ. "ನಿದ್ದೆ ಬಗ್ಗೆ ಪಾಠ ಮಾಡುವಾಗ ಹುಡುಗರಿಗೆ ಇವಳ ವಿಷಯಾನೇ ಹೇಳ್ದೆ ಮಾವ. ಎಂಥಾ ಉದಾಹರಣೆ!"

ಉದಾಹರಣೆ! ಇಷ್ಟು ದಿನ ಬಂದದ್ದು ಇದಕ್ಕಾ...? ಅವಳ ಕಣ್ಣು ತುಂಬಿತು, ಕೋಪ ಉಕ್ಕಿತು. ನೆಟ್ಟಗೆ ಜಗುಲಿಗೆ ಬಂದಳು.

"ಊರವರು ದೆವ್ವ ಅಂದ್ರು, ನೀವು ಉದಾಹರಣೆ ಅಂತೀರಿ. ನಾನೂ ಒಬ್ಬ ಮನುಷ್ಯಳು ಅಂತ ಯಾವಾಗ ಅಂತೀರಾ ಮೇಷ್ಟ್ರೇ?"

ಕದಿರೇಶನ ಮುಖ ಬಿಳಿಚಿತು. "ತಪ್ಪಾಯ್ತು... ನಿನ್ನ ಕೇಳದೆ ಹೇಳಬಾರದಿತ್ತು. ಮೊದಲು ಬಂದಿದ್ದು ಕುತೂಹಲಕ್ಕೇನೇ, ಸುಳ್ಳು ಹೇಳಲ್ಲ. ಆದ್ರೆ ನೀನು ನಡೆಯೋದು ನಿಂತ ಮೇಲೂ ನಾನು ಯಾಕೆ ಬರ್ತಿದೀನಿ? ನೀನಂದ್ರೆ ನಂಗೆ ಪ್ರಾಣ ಕಣೇ!"

ವೆಂಕಟರಾಯಪ್ಪ ದಡಕ್ಕನೆ ಎದ್ದ. "ಲೇ, ನಾಳೆ ಚನ್ನರಾಯಪ್ಪನೋರು ವೀಳ್ಯ ಶಾಸ್ತ್ರಕ್ಕೆ ಬರ್ತಾರೆ ಕಣೋ!"

"ಬಂದ್ರೆ ತಿಂಡಿ ತಿಂದ್ಕೊಂಡು ಹೋಗ್ಲಿ ಅಪ್ಪಾ! ಅವರನ್ನ ಮಾತ್ರ ನಾನು ಮದುವೆ ಆಗಲ್ಲ."

ಆದಿಲಕ್ಷ್ಮಿ ಕದಿರೇಶನ ಕಡೆ ತಿರುಗಿದಳು. ದನಿ ಮೆತ್ತಗಾಗಿತ್ತು.

"ಮದುವೆ ಆದ್ಮೇಲೆ ನಾನು ಮತ್ತೆ ನಿದ್ದೇಲಿ ಎದ್ದು ನಡೆದ್ರೆ... ಯಾರನ್ನ ಕರೆಸ್ತೀರಾ?"

"ಯಾರನ್ನೂ ಇಲ್ಲ. ನಾನೇ ಮೆಲ್ಲಗೆ ಕೈ ಹಿಡಿದು ವಾಪಸ್ ಕರ್ಕೊಂಡು ಬರ್ತೀನಿ."

"ಕೈ ಹಿಡಿಯೋಕೆ ನಾನು ನಿದ್ದೆ ಮಾಡ್ಬೇಕಾ?"

ಅಪ್ಪನ ಎದುರಿಗೇ ಅವಳು ಕೈ ಚಾಚಿದಳು.

"ಈಗ ಎಚ್ಚರವಾಗೇ ಇದೀನಿ... ಹಿಡೀರಿ!"