ಇನ್ನೂರಾ ಹದಿನಾಲ್ಕನೇ ನಂಬರಿನ ಪ್ರಶ್ನೆ

“ನನಗ ಉತ್ತರ ಕೊಡಾಕ ಇಷ್ಟೊತ್ತು ಬೇಕೇನ್ರಿ?”

ಲಕ್ಕವ್ವ ಬಾಗಿಲಲ್ಲೇ ಕೇಳಿದಳು. ತೊಂಬತ್ತೈದನೇ ಇಸವಿಯಲ್ಲಿ ನಿಪ್ಪಾಣಿಯ ಆ ಹೊಸ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಿದ್ದ ಹಾಲಸಿದ್ದ ತಬ್ಬಿಬ್ಬಾದ.

“ಯಾವ ಉತ್ತರ್ರಿ?”

ನಾಳೆ ಜುಗೂಳದಲ್ಲಿರುವ ಲಕ್ಕವ್ವನ ಮನೆಗೆ ಗಂಡಿನವರು ಮದುವೆ ಮಾತು ಮುಗಿಸಲು ಬರುವವರಿದ್ದರು. ಇವತ್ತು ನಾಲ್ಕಕ್ಕೆ ಅಪ್ಪ ಧರೆಪ್ಪ ಅವಳನ್ನು ಕರೆದೊಯ್ಯಲು ಬರುತ್ತಾನೆ. ಆಮೇಲೆ ಈ ಕ್ಲಾಸೂ ಇಲ್ಲ, ಈ ಮನುಷ್ಯನೂ ಇಲ್ಲ...

ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ಬೆಳಿಗ್ಗೆ ಅವಳೊಂದು ಪ್ರೋಗ್ರಾಮ್ ಬರೆದು ಓಡಿಸಿದ್ದಳು. ಅದರೊಳಗೆ ಹಾಲಸಿದ್ದನಿಗೆ ಒಂದೇ ಪ್ರಶ್ನೆ. ಬೇರೆಯವರು ಓದಬಾರದೆಂದು ಪರದೆಗೆ ಬಾರದಂತೆ ಬಿಟ್ಟಿದ್ದಳು. ಚೀಟಿ ಬರೆದು ಕೈಗೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಪ್ರೀತಿಗೆ ಬಿದ್ದವರಿಗೆ ಸೀದಾ ದಾರಿ ಹೊಳೆಯುವುದೆಲ್ಲಿ!

“ಮಷಿನ್ ನಡಸೂ ಕರ್ನಲ್ ಅನ್ನೂ ಮೂಲ ಪ್ರೋಗ್ರಾಮಿಗೆ ಉಳದ ಎಲ್ಲಾ ಪ್ರೋಗ್ರಾಮಿನ ಸುದ್ದಿ ಗೊತ್ತಿರತೈತಿ ಅಂತ ನೀವ ಕಲಿಸಿದ್ರಿ. ಮಷಿನ್ ನೋಡ್ಕೊಳ್ಳೋರು ನೀವು, ಅದರಾಗ ನೀವೂ ನೋಡಿರತೀರಿ ಅಂದ್ಕೊಂಡೆ.”

ಹಾಲಸಿದ್ದ ಪರದೆಯ ಮೇಲೆ ಪ್ರೋಗ್ರಾಮುಗಳ ಪಟ್ಟಿ ತೆರೆದ.

“ನೋಡ್ರಿ, ನಂಬರ್ ಇನ್ನೂರಾ ಹದಿನಾಲ್ಕು, ನಿಮ್ದು, ಮಲಗೈತಿ, ಅಂದ್ರ ಓಡದ ಸುಮ್ನ ಕಾಯಾಕತ್ತೈತಿ. ಪಟ್ಟ್ಯಾಗ ಕಾಣೂದು ಇಷ್ಟ. ಒಳಗಿನ ಖಾಸಗಿ ಸಂಗತಿ ಕರ್ನಲ್ ಬ್ಯಾರೆ ಕಡೆ ಇಟ್ಟಿರತೈತಿ. ಅದರ ಪಾಳಿ ಬಂದು ಅದು ಓಡುವಾಗಷ್ಟ ಅದನ್ನ ತೆಗಿತೈತಿ.”

“ಹಂಗಾರ ನೀವು ಓದೇ ಇಲ್ಲ...”

“ಇಲ್ರಿ. ನಿಮ್ದು ಅಂತ ಮುಟ್ಟಲಿಲ್ಲ.”

ಎಂಥ ಹುಚ್ಚಿ ನಾನು... ಇಡೀ ದಿನ ಇವರ ಮೌನವನ್ನೇ ‘ಒಲ್ಲೆ’ ಅಂದುಕೊಂಡು ಅತ್ತೆನಲ್ಲ!

ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು.

“ನನ್ನ ಪ್ರಶ್ನೇನೂ ಹೋತೇನ್ರಿ?”

“ಹೋತು. ಇನ್ನ ಸಿಗಂಗಿಲ್ಲ.”

ಕೆಳಗೆ ಮೆಟ್ಟಿಲ ಬಳಿ ಧರೆಪ್ಪ ಯಾರನ್ನೋ ಕ್ಲಾಸ್ ಎಲ್ಲಿದೆಯೆಂದು ಕೇಳುತ್ತಿದ್ದ. ಲಕ್ಕವ್ವ ಹಾಲಸಿದ್ದನ ಮೇಜಿನ ಹತ್ತಿರ ಬಂದಳು. ಈಗ ಬಿಟ್ಟರೆ ಜನ್ಮಕ್ಕೂ ಇಲ್ಲ.

“ಅದರಾಗ... ನನ್ನ ಮದಿವಿ ಆಗ್ತೀರೇನು ಅಂತ ಬರದಿದ್ನಿ.”

ಹಾಲಸಿದ್ದನ ಕಣ್ಣು ತುಂಬಿದವು.

“ನಾ ಕುರಿ ಕಾಯೋರ ಮಗ. ನಿಮ್ದು ಕಬ್ಬಿನ ಹೊಲದ ಮನಿ. ಎಷ್ಟ ಸಲ ಕೇಳಬೇಕು ಅನ್ಕೊಂಡೆ... ಬಾಯೇ ಬರಲಿಲ್ಲ.”

“ಈಗ ನಾನ ಕೇಳೀನಲ್ರಿ.”

“ಆಗ್ತೀನಿ, ಲಕ್ಕವ್ವ.”

ಧರೆಪ್ಪನ ಚಪ್ಪಲಿ ಸದ್ದು ಮೆಟ್ಟಿಲೇರುತ್ತಿತ್ತು. ಹಾಲಸಿದ್ದ ಕುರ್ಚಿ ಸರಿಸಿ ಎದ್ದ.

“ನಮ್ಮಪ್ಪ ನಿಮಗ ಭಾಳ ಬೈತಾನ್ರಿ.”

“ಬೈಸ್ಕೋತೀನಿ. ನೀವು ಬಾಜೂಕ ನಿಂದರತೀರೇನು?”

ಅವಳು ಅವನ ಕೈ ಹಿಡಿದಳು.

“ನಿಂತೀನ್ರಿ.”