ಜೆರೆಲ್ ಟಾಲಿವರ್‌ನ ಹೃದಯ

ಏಪ್ರಿಲ್ ಕೊನೆಯ ಬುಧವಾರ ಬೆಳಿಗ್ಗೆ ಎಂಟೂಕಾಲಿಗೆ ಮಿಸಿಸಿಪ್ಪಿಯ ಹೋಲ್ಟ್ಸ್‌ಬರೋ ಪೊಲೀಸ್ ಠಾಣೆಗೆ ಇಬ್ಬರು ಬಂದರು. ಒಬ್ಬರು ಕ್ಯಾಲ್ಡರ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದ ವೈದ್ಯ ಆರ್ಲೆನ್ ಫೋಷೆ. ಇನ್ನೊಬ್ಬಾಕೆ ಒಡೆಸ್ಸಾ ಟಾಲಿವರ್, ಊರಿನ ಶಾಲಾ ಬಸ್ಸಿನ ಚಾಲಕಿ. ಡಾಕ್ಟರು ಕುರ್ಚಿಯಲ್ಲಿ ಕೂತರು. ಒಡೆಸ್ಸಾ ಕೂರಲಿಲ್ಲ.

ಡಿಟೆಕ್ಟಿವ್ ಲೊರೆಟಾ ಪ್ರುಯಿಟ್‌ಗೆ ಆಕೆಯ ಪರಿಚಯ ಹೇಳಬೇಕಿರಲಿಲ್ಲ. ಆಕೆಯ ಮಗ ಜೆರೆಲ್ ಇಡೀ ಊರಿನ ಮಗ. ಮರುದಿನ ಸಂಜೆ ಡ್ರಾಫ್ಟ್ ಇತ್ತು. ದೇಶದ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಒಂದರ ನಂತರ ಒಂದು ಸರದಿಯಲ್ಲಿ ಆರಿಸಿಕೊಳ್ಳುವ ದಿನ ಅದು. ಚೆಂಡು ಎಸೆಯುವವನ ಮೇಲೆ ಸಿಡಿಲಿನಂತೆ ಎರಗುವ ಜೆರೆಲ್ ಮೊದಲ ಹತ್ತರೊಳಗೆ ಹೋಗುತ್ತಾನೆಂದು ಊರಿನ ಅಂಗಡಿಗಳ ಗಾಜಿನ ಮೇಲೆಲ್ಲ ಬಣ್ಣದಲ್ಲಿ ಬರೆದಿದ್ದರು.

"ನನ್ನ ಮಗನ ಹೃದಯ ಕೆಟ್ಟಿದೆಯಂತೆ," ಒಡೆಸ್ಸಾ ಹೇಳಿದಳು. "ಊರಿಗೆಲ್ಲ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ."

"ಯಾರು ಹೇಳಿದ್ದು, ಮಿಸ್ ಒಡೆಸ್ಸಾ?"

"ಈ ಮಹಾನುಭಾವರೇ ಹೇಳಿದ್ರಂತೆ."

ಫೋಷೆ ಮುಖ ಒರೆಸಿಕೊಂಡರು. "ನಾನು ಯಾರಿಗೂ ಏನೂ ಹೇಳಿಲ್ಲ ಮೇಡಂ. ಅವನ ಹೃದಯ ಕುದುರೆ ಹೃದಯ. ಯಾರೋ ನನ್ನ ಹೆಸರಲ್ಲಿ ತಂಡಗಳಿಗೆ ಫೋನ್ ಮಾಡಿದಾರೆ. ಅದೂ ನನ್ನ ಮೇಜಿನ ಫೋನಿಂದ."

ಸೋಮವಾರ ಮಧ್ಯಾಹ್ನ ನಾಲ್ಕು ತಂಡಗಳಿಗೆ ಕರೆ ಹೋಗಿತ್ತು. ನಾಲ್ಕೂ ಮೊದಲ ಹತ್ತರಲ್ಲಿ ಸರದಿ ಇದ್ದ ತಂಡಗಳು. ಮಂಗಳವಾರ ಅವುಗಳಲ್ಲೊಂದು ಜೆರೆಲ್‌ನ ಏಜೆಂಟನಿಗೆ ಫೋನ್ ಮಾಡಿ, ಹುಡುಗನನ್ನು ಕೈಬಿಟ್ಟಿದ್ದೇವೆ, ಇಂಥದ್ದನ್ನು ಮುಚ್ಚಿಡಬಾರದಿತ್ತು ಎಂದು ಬೈದಿತ್ತು.

ಪ್ರಕರಣ ದಾಖಲಾಯಿತು. ವೈದ್ಯನ ಸೋಗು, ಅತಿಕ್ರಮ ಪ್ರವೇಶ, ವಂಚನೆ. ಹೊರಡುವ ಮುನ್ನ ಒಡೆಸ್ಸಾ ಬಾಗಿಲಲ್ಲಿ ನಿಂತಳು.

"ನಿನ್ನೆ ರಾತ್ರಿ ಅವನು ಮಲಗಿದ್ದಾಗ ಎದೆ ಏರಿಳೀತಿದೆಯಾ ಅಂತ ನೋಡ್ತಾ ನಿಂತಿದ್ದೆ ಕಣಮ್ಮ. ಇಪ್ಪತ್ತೆರಡು ವರ್ಷದ ಗಂಡಸನ್ನ. ಕೂಸನ್ನ ನೋಡೋ ಹಾಗೆ."

ಫೋಷೆಯವರ ಕ್ಲಿನಿಕ್ಕು ಕಾಲೇಜು ಮೈದಾನದ ಅಂಚಿನಲ್ಲೇ ಇತ್ತು. ಪ್ರುಯಿಟ್ ಜೊತೆಗೆ ಬಂದವನು ಕಾನ್‌ಸ್ಟೇಬಲ್ ಡೆಲ್ ಬೋಡ್ರೊ. ಒಂದು ಕಾಲದಲ್ಲಿ ಇದೇ ಕಾಲೇಜಿಗೆ ಆಡಿ, ಮೊಣಕಾಲು ಮುರಿದುಕೊಂಡು, ಖಾಕಿ ತೊಟ್ಟವನು. ಸ್ಥಳ ಮಹಜರು ಬೇಗ ಮುಗಿಯಿತು. ಬಾಗಿಲು ಒಡೆದಿರಲಿಲ್ಲ. ಫೋನನ್ನು ಮಂಗಳವಾರವೇ ಕಸ ಗುಡಿಸುವವರು ಒರೆಸಿಟ್ಟಿದ್ದರಿಂದ ಬೆರಳ ಗುರುತೂ ಇಲ್ಲ.

"ಸೋಮವಾರ ಮಧ್ಯಾಹ್ನ ಇಲ್ಲಿ ಯಾರಿದ್ರು?" ಪ್ರುಯಿಟ್ ನರ್ಸನ್ನು ಕೇಳಿದಳು.

"ಯಾರೂ ಇಲ್ಲ. ಜೆರೆಲ್ ಓಡ್ತಿದ್ದ ಅಲ್ವಾ? ಮಾರ್ಚಿನಲ್ಲಿ ಎಲ್ಲರಿಗೂ ಓಟದ ಪರೀಕ್ಷೆ ಇದ್ದಾಗ ತೊಡೆ ನೋವು ಅಂತ ಓಡಿರಲಿಲ್ಲ. ಹಾಗಾಗಿ ಅವನೊಬ್ಬನಿಗೇ ಬೇರೆ ಪರೀಕ್ಷೆ ಇಟ್ಟಿದ್ರು. ತಂಡಗಳ ಸ್ಕೌಟುಗಳು ದಂಡು ಕಟ್ಕೊಂಡು ಬಂದಿದ್ರು. ಅವರ ಬಾತ್‌ರೂಮಿಗೆ ಅಂತ ಬಾಗಿಲು ತೆರೆದಿಟ್ಟು ನಾವೂ ನೋಡೋಕೆ ಹೋದ್ವಿ."

ಸ್ಕೌಟುಗಳೆಂದರೆ ಊರೂರು ತಿರುಗಿ, ಹುಡುಗರ ಆಟ ನೋಡಿ, ಯಾರನ್ನು ಆರಿಸಬೇಕೆಂದು ತಮ್ಮ ತಂಡಕ್ಕೆ ಹೇಳುವವರು.

"ಓಟ ಹೇಗಿತ್ತು?"

ನರ್ಸಿನ ಮುಖ ಅರಳಿತು. "ಮೊದಲ ಸಲ ಅರ್ಧಕ್ಕೆ ನಿಂತೋಯ್ತು. ಎಲ್ಲಿಂದಲೋ ಕಂದು ನಾಯಿ ಅಡ್ಡ ಬಂತು ನೋಡಿ, ಹುಡುಗ ಅದರ ಮೇಲಿಂದ ಹಾರಿಬಿಟ್ಟ. ಸ್ಕೌಟುಗಳೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ಎರಡನೇ ಸಲ ಓಡಿದಾಗ ಮಾತ್ರ ಯಾರೂ ನಗಲಿಲ್ಲ. ಅಷ್ಟು ದಪ್ಪ ಹುಡುಗ ಹಾಗೆ ಓಡಬಾರದು."

ಕಾಲೇಜು ಹೊರಗೆ ಬಿಟ್ಟ ವಿಡಿಯೋದಲ್ಲಿ ಎರಡನೇ ಓಟ ಮಾತ್ರ ಇತ್ತು. ಅದನ್ನು ಬೋಡ್ರೊ ಹೇಳಿದ. ಆ ದಿನ ಮೈದಾನದ ಗೇಟಿನಲ್ಲಿ ಬಂದೋಬಸ್ತಿಗಿದ್ದವನು ಅವನೇ.

ನಾಲ್ಕರಲ್ಲಿ ಒಂದು ತಂಡ ಕರೆ ಎತ್ತಿರಲಿಲ್ಲ. ಅಲ್ಲಿ ಧ್ವನಿ ಸಂದೇಶ ಉಳಿದಿತ್ತು. ಹನ್ನೊಂದರ ಹೊತ್ತಿಗೆ ಅದು ಠಾಣೆಗೆ ಬಂತು. ಬಟ್ಟೆ ಅಡ್ಡ ಹಿಡಿದು ಆಡಿದ ದಪ್ಪ ಗಂಟಲು.

"ನಾನು ಡಾಕ್ಟರ್ ಫೋಷೆ. ಟಾಲಿವರ್ ಹುಡುಗನ ಹೃದಯದ ಗೋಡೆ ದಪ್ಪ ಆಗಿದೆ. ಮನಸ್ಸು ತಡೀಲಿಲ್ಲ, ಹೇಳ್ತಿದೀನಿ. ನನ್ನ ಹೆಸರು ಹೊರಗೆ ಬರೋದು ಬೇಡ." ಆಮೇಲೆ ಧ್ವನಿ ಮೆತ್ತಗಾಯಿತು. "ಪಾಪ ಕಣ್ರೀ. ಅಂಥ ಕೈ ನಾನು ಎಲ್ಲೂ ನೋಡಿಲ್ಲ. ಎರಡನೇ ಹೆಜ್ಜೆಗೇ ಎದುರಿನವನ ಸೊಂಟಕ್ಕೆ ಬೀಗ ಹಾಕಿಬಿಡ್ತಾನೆ."

ಪ್ರುಯಿಟ್ ಅದನ್ನು ಇನ್ನೊಮ್ಮೆ ಹಾಕಿದಳು. ಬೋಡ್ರೊ ಬೇಯಿಸಿದ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದ.

"ಇದು ಡಾಕ್ಟರ ಮಾತಲ್ಲ, ಮೇಡಂ. ಡಾಕ್ಟರಿಗೆ ಎರಡನೇ ಹೆಜ್ಜೆ ಗೊತ್ತಿರಲ್ಲ."

"ದ್ವೇಷದ ಮಾತೂ ಅಲ್ಲ," ಎಂದಳು ಪ್ರುಯಿಟ್. "ಹಾಳು ಮಾಡೋಕೆ ಫೋನ್ ಮಾಡಿದೋನು ಹೊಗಳದೆ ಇರೋಕಾಗ್ಲಿಲ್ಲ. ಇವನಿಗೆ ಹುಡುಗ ಬೇಕು. ಹುಡುಗ ಕೆಳಗೆ ಜಾರಿದ್ರೆ ಯಾರಿಗೆ ಸಿಗ್ತಾನೆ?"

"ಸರದಿ ಹಿಂದಿರೋ ತಂಡಕ್ಕೆ."

ಅಂಥ ತಂಡಗಳಿಂದ ಸೋಮವಾರ ಬಂದಿದ್ದ ಸ್ಕೌಟುಗಳು ಏಳು ಮಂದಿ. ಎಲ್ಲರೂ ಡ್ರಾಫ್ಟಿನ ಗಡಿಬಿಡಿಯಲ್ಲಿ ತಮ್ಮ ತಮ್ಮ ಊರು ಸೇರಿದ್ದರು. ಪ್ರುಯಿಟ್ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಮಾತು ರೆಕಾರ್ಡ್ ಆಗುತ್ತಿದೆ ಎಂದು ಮೊದಲೇ ಹೇಳಿದಳು. ಪ್ರಶ್ನೆ ಒಂದೇ.

"ಟಾಲಿವರ್ ಓಡುವಾಗ ನೀವೆಲ್ಲಿದ್ರಿ, ಏನು ನೋಡಿದ್ರಿ?"

ಮೊದಲನೆಯವನು ನಾಯಿಯ ಸುದ್ದಿಯಿಂದಲೇ ಶುರುಮಾಡಿದ. ಎರಡನೆಯವನು ನಾಯಿಯನ್ನೇ ನಮ್ಮ ತಂಡಕ್ಕೆ ತಗೊಂಡ್ರೆ ಹೇಗೆ ಅಂತಿದೀವಿ ಎಂದ. ಸಂಜೆ ಐದರೊಳಗೆ ಆರು ಮಂದಿ ಆರು ಬಗೆಯಲ್ಲಿ ಅದೇ ನಾಯಿಯ ಕತೆ ಹೇಳಿದರು.

ಏಳನೆಯವನು ವೆಂಡೆಲ್ ಸ್ಟ್ರೌಡ್. ಕರಾವಳಿಯ ಟ್ರಿನಿಟಿ ಬೇ ಊರಿನ ಹೆರನ್ಸ್ ತಂಡದ ಹಳೆಯ ಸ್ಕೌಟ್. ಆ ತಂಡದ ಸರದಿ ಇಪ್ಪತ್ತೊಂದನೆಯದು.

"ಗೆರೆ ಪಕ್ಕದಲ್ಲೇ ನಿಂತಿದ್ದೆ, ಮ್ಯಾಮ್. ಒಂದೇ ಓಟ. ಒಂದೇ ಸಾಕಾಯ್ತು."

"ಒಂದೇನಾ?"

"ಒಂದೇ. ಆದ್ರೆ ಓಟ ನೋಡಿ ಮರುಳಾಗಬೇಡಿ. ಅವನ ಮಹಿಮೆ ಇರೋದು ಕೈಯಲ್ಲಿ. ಎರಡನೇ ಹೆಜ್ಜೆಗೇ ಎದುರಿನವನ ಸೊಂಟಕ್ಕೆ ಬೀಗ ಹಾಕಿಬಿಡ್ತಾನೆ."

ಬೋಡ್ರೊ ಮೇಜಿನ ಆಚೆಯಿಂದ ಎದ್ದು ನಿಂತ. ಪ್ರುಯಿಟ್ ಕೈಸನ್ನೆಯಿಂದ ಅವನನ್ನು ಕೂರಿಸಿ, ಸ್ಟ್ರೌಡ್‌ಗೆ ಧನ್ಯವಾದ ಹೇಳಿ ಫೋನಿಟ್ಟಳು.

ಗುರುವಾರ ಬೆಳಿಗ್ಗೆ ನ್ಯಾಯಾಧೀಶರು ಎರಡೂ ಧ್ವನಿ ಕೇಳಿ ವಾರಂಟಿಗೆ ಸಹಿ ಮಾಡಿದರು. ಅಷ್ಟರಲ್ಲಿ ಜೆರೆಲ್‌ಗೆ ಬೇರೆ ಊರಿನ ಆಸ್ಪತ್ರೆಯಲ್ಲಿ ಹೊಸದಾಗಿ ಪರೀಕ್ಷೆ ಆಗಿತ್ತು. ಹೃದಯ ನೆಟ್ಟಗಿತ್ತು. ಆದರೂ ತಂಡಗಳು ತಲೆ ಅಲ್ಲಾಡಿಸಿದವು. ಮೊದಲ ಕರೆ ಸುಳ್ಳೆಂದು ತೋರಿಸಿ, ಹೇಳಿದವನನ್ನು ತೋರಿಸಿ, ಆಮೇಲೆ ನೋಡೋಣ ಎಂದವು. ಡ್ರಾಫ್ಟ್ ಸಂಜೆ ಏಳಕ್ಕೆ. ಬೋಡ್ರೊ ಕಾರನ್ನು ಟ್ರಿನಿಟಿ ಬೇ ಕಡೆ ಬಿಟ್ಟ ರಭಸಕ್ಕೆ ಪ್ರುಯಿಟ್ ಬಾಗಿಲ ಮೇಲಿನ ಹಿಡಿಕೆ ಬಿಡಲಿಲ್ಲ.

"ನಿಧಾನ ಕಣಯ್ಯ. ನಿನ್ನ ಮೇಲೆ ಇನ್ನೊಂದು ಕೇಸು ಬರೆಯೋಕೆ ನನಗೆ ಪುರುಸೊತ್ತಿಲ್ಲ."

"ಬರೀರಿ ಮೇಡಂ. ನಾಳೆ ಬರೀರಿ."

ಹೆರನ್ಸ್ ಕಚೇರಿಯ ಒಳಕೋಣೆಯಲ್ಲಿ ಗೋಡೆ ತುಂಬ ಆಟಗಾರರ ಹೆಸರಿನ ಪಟ್ಟಿಗಳಿದ್ದವು. ಹತ್ತಾರು ಜನ ಒಟ್ಟಿಗೆ ಮಾತಾಡುತ್ತಿದ್ದರು. ಪೊಲೀಸರನ್ನು ಕಂಡು ಮಾತು ನಿಂತಿತು. ಮೂಲೆಯಲ್ಲಿದ್ದ ಎತ್ತರದ, ಬಿಸಿಲಿಗೆ ಕೆಂಪೇರಿದ ಕತ್ತಿನ ಮುದುಕ ತಾನಾಗಿಯೇ ಹೊರಗೆ ಬಂದ.

"ನಾಯಿ ನಿಮಗೆ ಕಾಣಲಿಲ್ವಾ, ಮಿಸ್ಟರ್ ಸ್ಟ್ರೌಡ್?" ಪ್ರುಯಿಟ್ ಕೇಳಿದಳು.

"ಯಾವ ನಾಯಿ?"

ಆಕೆ ಹೇಳಿದಳು. ಅವನು ಕೇಳಿಸಿಕೊಂಡ. ಅವನ ತುಟಿ ನಗಲು ಹೋಗಿ ನಿಂತಿತು.

"ಮೇಲಿಂದ ಹಾರಿದ್ನಾ?"

"ಹಾರಿದ. ವಿಡಿಯೋದಲ್ಲಿ ಅದಿಲ್ಲ. ನೀವು ಆಗ ಕ್ಲಿನಿಕ್ಕಿನಲ್ಲಿ ಫೋನ್ ಹಿಡಿದಿದ್ರಿ."

ಅವನು ವಾದಿಸಲಿಲ್ಲ. ಬಂಧನದ ಹೊತ್ತು ಮಧ್ಯಾಹ್ನ ಎರಡು ಗಂಟೆ ಎಂದು ದಾಖಲಾಯಿತು. ತಪ್ಪೊಪ್ಪಿಗೆಯ ಹೇಳಿಕೆ ಮೂರರೊಳಗೆ ಮುಗಿಯಿತು. ಬೋಡ್ರೊ ಮೊದಲ ಹತ್ತು ಸರದಿಯ ತಂಡಗಳಿಗೂ ತಾನೇ ಫೋನ್ ಮಾಡಿದ. ಒಂದು ಕಡೆ ಬರೀ ಬಂಧನದ ಸುದ್ದಿ ಸಾಲದೆಂದರು, ಅವನು ಸ್ಟ್ರೌಡ್‌ನ ಹೇಳಿಕೆಯನ್ನು ಒಂದಕ್ಷರ ಬಿಡದೆ ಓದಿದ. ಇನ್ನೊಂದು ಕಡೆ ಇನ್ನು ತಡವಾಯಿತೆಂದರು. ಅಲ್ಲಿ ಅವನು ಗಂಟಲೇರಿಸಿದ್ದು ಕಾರಿಡಾರಿನ ತುದಿಗೂ ಕೇಳಿಸಿತು.

ನ್ಯಾಯಾಧೀಶರ ಮುಂದೆ ಹಾಜರುಪಡಿಸುವವರೆಗೆ ಸ್ಟ್ರೌಡ್‌ನನ್ನು ಟ್ರಿನಿಟಿ ಬೇ ಠಾಣೆಯಲ್ಲಿ ಕೂರಿಸಿದ್ದರು. ಏಳಕ್ಕೆ ಅಲ್ಲಿನ ಸಿಬ್ಬಂದಿ ಟಿವಿ ಹಾಕಿದರು. ಹುರಿದ ಮೀನಿನ ಪೊಟ್ಟಣಗಳು ಮೇಜಿಂದ ಮೇಜಿಗೆ ಓಡಾಡಿದವು. ಮೊದಲ ಹೆಸರು ಜೆರೆಲ್‌ನದಲ್ಲ. ಎರಡನೆಯದೂ ಅಲ್ಲ. ಐದನೆಯದರ ಹೊತ್ತಿಗೆ ಬೋಡ್ರೊ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ, ಪ್ರುಯಿಟ್ ಕೈಯ ತಿಂಡಿ ಮರೆತಿದ್ದಳು. ಆರನೆಯ ಸರದಿಗೆ ವೇದಿಕೆಗೆ ಬಂದವನು ಕಾಗದ ಬಿಡಿಸಿದ.

ಜೆರೆಲ್ ಟಾಲಿವರ್.

ಠಾಣೆ ಒಂದೇ ಗಂಟಲಲ್ಲಿ ಕೂಗಿತು. ಪರದೆಯ ಮೇಲೆ ಹೋಲ್ಟ್ಸ್‌ಬರೋದ ಒಂದು ಮನೆಯ ನಡುಕೋಣೆ. ಆರಡಿ ದಾಟಿದ ಹುಡುಗ ಬಗ್ಗಿ ತಾಯಿಯ ಹೆಗಲಲ್ಲಿ ಮುಖ ಹುದುಗಿಸಿದ್ದ. ಒಡೆಸ್ಸಾಳ ಒಂದು ಅಂಗೈ ಅವನ ಎದೆಯ ಮೇಲೆ ಚಪ್ಪಟೆಯಾಗಿ ಒತ್ತಿಕೊಂಡಿತ್ತು. ಸುತ್ತಲಿನವರು ಕುಣಿಯುತ್ತಿದ್ದರೂ ಆಕೆ ಅದನ್ನು ತೆಗೆಯಲಿಲ್ಲ.

ಪ್ರುಯಿಟ್ ಸ್ಟ್ರೌಡ್ ಇದ್ದ ಕೋಣೆಗೆ ಹೋದಳು. ಕೂಗು ಅವನಿಗೂ ಕೇಳಿಸಿತ್ತು.

"ಎಷ್ಟನೆಯದು?"

"ಆರು."

ಅವನು ಕಣ್ಣು ಮುಚ್ಚಿಕೊಂಡ. "ಸರಿಯಾದ ಜಾಗ."

"ಅವನ ತಾಯಿ ರಾತ್ರಿಯೆಲ್ಲ ಮಗನ ಉಸಿರು ಎಣಿಸ್ತಾ ಬಾಗಿಲಲ್ಲಿ ನಿಂತಿದ್ಲು. ಗೊತ್ತಾ?"

"ತಂಡಗಳ ಬಗ್ಗೆ ಯೋಚಿಸಿದ್ದೆ," ಎಂದ ಸ್ಟ್ರೌಡ್. "ಮನೆಯವರ ಬಗ್ಗೆ ಇಲ್ಲ."

ಆಮೇಲೆ ತಾನಾಗಿಯೇ ಹೇಳಿದ. ಹುಡುಗನಿಗೆ ಹದಿನಾರಿದ್ದಾಗ, ಕೆಸರಾದ ಶಾಲೆ ಮೈದಾನದಲ್ಲಿ, ಬೇರೆ ಯಾರನ್ನೋ ನೋಡಲು ಹೋಗಿ ಇವನನ್ನು ಕಂಡಿದ್ದ. ಅಂದಿನಿಂದ ಪ್ರತಿ ವರ್ಷ ಬಂದ. ಇಷ್ಟು ಕಾಲದ ನೌಕರಿಯಲ್ಲಿ ಅವನು ಮನಸಾರೆ ತೋರಿಸಿದ ಒಬ್ಬ ಹುಡುಗನನ್ನೂ ಹೆರನ್ಸ್ ಆರಿಸಿರಲಿಲ್ಲ. ಈ ಬೇಸಿಗೆಗೆ ನಿವೃತ್ತಿ. ಮ್ಯಾನೇಜರು ನಕ್ಕು, ಇಪ್ಪತ್ತೊಂದರವರೆಗೆ ಅವನು ಉಳಿಯಲ್ಲ ಮುದುಕಾ, ಮರೆತುಬಿಡು ಎಂದಿದ್ದ.

"ಒಬ್ಬನೇ ಒಬ್ಬ, ಮ್ಯಾಮ್. ನಾನು ಮೊದಲು ಕಂಡೋನು ನಮ್ಮ ಅಂಗಿ ಹಾಕ್ಕೊಂಡು ಓಡೋದನ್ನ ನೋಡ್ಬೇಕಿತ್ತು."

ಪ್ರುಯಿಟ್ ಅವನ ಕೈಗೆ ಬೇಡಿ ಹಾಕಲು ಬೋಡ್ರೊನನ್ನು ಕರೆದಳು. ಬೇಡಿ ಹಾಕಿಸಿಕೊಳ್ಳುತ್ತಲೇ ಸ್ಟ್ರೌಡ್ ತಲೆಯೆತ್ತಿದ.

"ಆ ತಂಡದವರು ಅವನನ್ನ ಬಲಗಡೆ ನಿಲ್ಲಿಸ್ತಾರೆ. ಎಲ್ಲರೂ ಮಾಡೋ ತಪ್ಪು ಅದು. ಅವನ ಎಡಗಾಲು ಮೊದಲು ನೆಲ ಬಿಡುತ್ತೆ. ಎಡಗಡೆ ನಿಲ್ಲಿಸೋಕೆ ಯಾರಾದ್ರೂ ಹೇಳಿ."

ಬೋಡ್ರೊ ಪ್ರುಯಿಟ್‌ಳ ಮುಖ ನೋಡಿದ. ಆಕೆ ಆಗಲಿ ಎಂದು ತಲೆಯಾಡಿಸಿದಳು. ಅವನು ಬೇಡಿಗೆ ಬೀಗ ಹಾಕಿ, ಫೋನ್ ಹಿಡಿದುಕೊಂಡು ಕಾರಿಡಾರಿಗೆ ಹೋದ.