ರೇಡಿಯೊ ಇಲ್ಲದ ನಲವತ್ತು ಮನೆ

"ಒಂದು ಉತ್ತರವನ್ನೂ ನಾನು ಸುಳ್ಳು ಬರೆದಿಲ್ಲಮ್ಮ. ಆದರೂ ಸಂಜೆ ಬಸ್ಸಿಗೆ ಮನೆಗೆ ಹೋಗು, ಕೆಲಸ ಮುಗಿಯಿತು ಅಂದಿದ್ದಾರೆ," ಎಂದು ಸಮೀಕ್ಷೆಗೆ ಬಂದಿದ್ದ ಗಿರಿಜಾಂಬಿಕಾ ಕಣ್ಣೊರೆಸಿಕೊಂಡಳು.

ದಂಡಿನಶಿವರದ ಬಳಿಯ ಆ ಹಳ್ಳಿಯಲ್ಲಿ ಏನೇ ಪತ್ತೆಯಾಗಬೇಕಿದ್ದರೂ ಜನ ಬರುತ್ತಿದ್ದದ್ದು ನಿವೃತ್ತ ನರ್ಸ್ ವಿಮಲಮ್ಮನವರ ಜಗಲಿಗೆ. ಅವರ ಜೊತೆಗಾರ, ವಿಜ್ಞಾನದ ಮೇಷ್ಟ್ರು ಏಕಾಂತಯ್ಯ, ಆಗಲೇ ನೋಟುಪುಸ್ತಕ ತೆರೆದಿದ್ದರು.

ಹಿಂದೆಯೇ ಬಂದ ಅಧಿಕಾರಿ ಮಲ್ಲಿಕಾರ್ಜುನಯ್ಯ ಫಾರಂಗಳ ಕಟ್ಟನ್ನು ಕುಕ್ಕಿದರು. "ಸಾವಿರದ ಒಂಬೈನೂರ ಎಪ್ಪತ್ತಾರನೇ ಇಸವಿಯಲ್ಲಿ ನಲವತ್ತು ಮನೆಗೆ ಒಂದೂ ರೇಡಿಯೊ ಇಲ್ಲವೇ? ಬೆಳಿಗ್ಗೆ ನಮ್ಮ ಮನೆಯಲ್ಲಿ ವಾರ್ತೆ ಕೇಳಿಯೇ ಹೊರಟವನು ನಾನು! ಇವು ಮರದ ನೆರಳಲ್ಲಿ ಕೂತು ತುಂಬಿದ ಫಾರಂಗಳು."

ಏಕಾಂತಯ್ಯ ಒಂದೊಂದನ್ನೂ ಪರೀಕ್ಷಿಸಿದರು. ವಯಸ್ಸು, ದನಕರು, ಹೆಬ್ಬೆಟ್ಟಿನ ಗುರುತು ಎಲ್ಲವೂ ಬೇರೆ ಬೇರೆ. ರೇಡಿಯೊ ಕಾಲಮಿನಲ್ಲಿ ಮಾತ್ರ ನಲವತ್ತು "ಇಲ್ಲ".

ಅಧಿಕಾರಿಯನ್ನು ಜಗಲಿಯಲ್ಲೇ ಕೂರಿಸಿ, ಗಿರಿಜಾಂಬಿಕಾಳೊಂದಿಗೆ ಮೂವರೂ ಬೀದಿ ಸುತ್ತಿದರು. ಜಗಲಿಗಳ ಮೇಲೆ ಕೊಬ್ಬರಿಯ ಪಕ್ಕದಲ್ಲಿ ತೀರಿದ ಬ್ಯಾಟರಿ ಸೆಲ್ಲುಗಳು ಮತ್ತೊಂದಿಷ್ಟು ಜೀವ ಬರಲೆಂದು ಬಿಸಿಲು ಕಾಯುತ್ತಿದ್ದವು. ಏಕಾಂತಯ್ಯ ಎಣಿಸಿದರು: ಮನೆಗೆ ನಾಲ್ಕು.

"ಟಾರ್ಚಿಗೆ ಎಷ್ಟು ಸೆಲ್ಲು ಮೇಷ್ಟ್ರೇ?" ಎಂದರು ವಿಮಲಮ್ಮ.

"ಎರಡು, ಹೆಚ್ಚೆಂದರೆ ಮೂರು."

ವಿಮಲಮ್ಮ ನಕ್ಕರು. "ನಿನಗೆ ಮನೆ ತೋರಿಸಿದವರು ಯಾರು ಮಗೂ?"

"ಪೋಸ್ಟ್‌ಮನ್ ಸಣ್ಣತಿಮ್ಮಯ್ಯ. ಪಾಪ, ನಲವತ್ತು ಮನೆಗೂ ಜೊತೆಗೇ ಬಂದರು."

ಮಧ್ಯಾಹ್ನ ಅಧಿಕಾರಿಯೂ ಊರವರೆಲ್ಲರೂ ಶಾಲೆಯಲ್ಲಿ ಸೇರಿದರು. ಸಣ್ಣತಿಮ್ಮಯ್ಯನನ್ನು ಕಾಫಿ ತರಲು ಕಳುಹಿಸಿ, ವಿಮಲಮ್ಮ ಸಹಜವಾಗಿ ಹೇಳಿದರು: "ಶುಕ್ರವಾರದ ರೇಡಿಯೊ ನಾಟಕದಲ್ಲಿ ಆ ಸೊಸೆ ಗಂಡನ ಮನೆಗೆ ವಾಪಸ್ಸು ಬಂದಳಂತೆ."

"ಎಲ್ಲಿ ಬಂದ್ಲು ಬುಡಿ! ಟ್ರಂಕು ತಗಂಡು ತವರಿಗೋದ್ಲು," ಎಂದಳು ಬೋರಮ್ಮ.

"ಟ್ರಂಕಲ್ಲ ಕಣೇ, ಗಂಟು!" ಎಂದಿತು ಹಿಂದಿನ ಸಾಲು. ಹತ್ತು ದನಿ ಜಗಳಕ್ಕೆ ಬಿದ್ದವು. ಮರುಕ್ಷಣ ಎಲ್ಲರೂ ಬಾಯಿ ಮುಚ್ಚಿಕೊಂಡರು.

"ಸುಳ್ಳು ತುಂಬುವವಳು ನಾಲ್ಕು ಮನೆಗಾದರೂ ರೇಡಿಯೊ ಕೊಡುತ್ತಿದ್ದಳು," ಎಂದರು ವಿಮಲಮ್ಮ. "ಸುಳ್ಳು ಹೇಳಿದ್ದು ನೀವು. ರೇಡಿಯೊ ಇಟ್ಟುಕೊಳ್ಳಲು ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸಬೇಕು, ನೀವು ಯಾರೂ ಮಾಡಿಸಿಲ್ಲ; ಅದನ್ನು ಕೊಡುವುದು ಪೋಸ್ಟಾಫೀಸು. ಖಾಕಿ ತೊಟ್ಟ ಪೋಸ್ಟ್‌ಮನ್ ಎದುರಿಗಿದ್ದರೆ ಯಾರು ತಾನೇ ಹೌದು ಎಂದಾರು? ಫಾರಂ ಎರಡು ದಿನದಲ್ಲಿ ಇಡೀ ಊರನ್ನು ಎಣಿಸುತ್ತದೆ. ಅದು ಅದರ ಶಕ್ತಿ. ಕೇಳುವಾಗ ಪಕ್ಕದಲ್ಲಿ ಯಾರು ನಿಂತಿದ್ದರು ಎನ್ನುವುದಕ್ಕೆ ಅದರಲ್ಲಿ ಕಾಲಮಿಲ್ಲ. ಅದನ್ನು ಕಣ್ಣೇ ನೋಡಬೇಕು. ರೇಡಿಯೊಗೆ ಬೇಕಾಗುವುದು ನಾಲ್ಕು ಸೆಲ್ಲು. ಆದರೆ ಕಣ್ಣೂ ತಪ್ಪೀತು, ಆ ನಾಲ್ಕು ಎರಡು ಟಾರ್ಚಿನವೂ ಆಗಿರಬಹುದಿತ್ತು. ಅದಕ್ಕೇ ನಾಟಕದ ಮಾತೆತ್ತಿದೆ."

"ಹಳ್ಳಿಯವರು ಹೆದರುತ್ತಾರೆ, ನಿಜ," ಎಂದರು ಅಧಿಕಾರಿ. "ತಿಳಿದವರು ಹೀಗೆ ಹೇಳುವುದಿಲ್ಲ."

ಅಷ್ಟರಲ್ಲಿ ಸಣ್ಣತಿಮ್ಮಯ್ಯ ಕಾಫಿಯೊಂದಿಗೆ ಬಂದು ಅವರೆದುರು ನಿಂತ. ವಿಮಲಮ್ಮ ಖಾಲಿ ಫಾರಂ ಒಂದನ್ನು ಎತ್ತಿಕೊಂಡರು. "ತಮ್ಮ ಮನೆಯಲ್ಲಿ ರೇಡಿಯೊ ಇದೆಯೇ ಸ್ವಾಮಿ?"

ಮಲ್ಲಿಕಾರ್ಜುನಯ್ಯನವರ ಕಣ್ಣು ಖಾಕಿ ಅಂಗಿಯ ಮೇಲೆ ಬಿತ್ತು. "ಇ... ಇಲ್ಲ."

ಶಾಲೆಯ ಹೆಂಚು ಹಾರುವಂತೆ ಜನ ನಕ್ಕರು. ಕೊನೆಗೆ ಅವರೂ ನಕ್ಕರು. "ನಾಳೆ ಇನ್ನೊಂದು ಸಲ ಕೇಳಿಕೊಂಡು ಬಾಮ್ಮ. ಒಬ್ಬಳೇ ಹೋಗು," ಎಂದು ಕಟ್ಟನ್ನು ಗಿರಿಜಾಂಬಿಕಾಳ ಕೈಗೆ ಹಿಂದಿರುಗಿಸಿದರು.

ಏಕಾಂತಯ್ಯ ನೋಟುಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡರು: ನಲವತ್ತೊಂದನೆಯ ಮನೆ, ರೇಡಿಯೊ ಇಲ್ಲ.